ನ್ಯೂಯಾರ್ಕಿನಲ್ಲಿ ಬೀಗವಿಲ್ಲದ ಫೋನು

ನ್ಯೂಯಾರ್ಕ್ ನಗರವನ್ನು ನೋಡಹೋದವರು ಸಾಮಾನ್ಯವಾಗಿ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೂ ಎಂಪೈರ್ ಸ್ಟೇಟ್ ಕಟ್ಟಡವನ್ನೂ ಟೈಮ್ಸ್ ಚೌಕದ ದೀಪಾಲಂಕಾರವನ್ನೂ ಕಂಡು ಕೃತಾರ್ಥರಾಗಿ ಹಿಂದಿರುಗುವರು. ಆ ಮಹಾನಗರದಲ್ಲಿ ಇನ್ನೊಂದು ಯಾತ್ರೆಯೂ ಉಂಟು. ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಿಂದ ಉತ್ತರಾಭಿಮುಖವಾಗಿ ಒಂದು ಹಗಲು ನಡೆದರೆ, ದೂರವಾಣಿಯ ನೂರು ವರ್ಷಗಳ ಕಥೆಯು ಕಲ್ಲು, ಇಟ್ಟಿಗೆ, ಗಾಜುಗಳ ರೂಪದಲ್ಲಿ ನಮ್ಮ ಮುಂದೆ ತೆರೆದುಕೊಳ್ಳುತ್ತದೆ. ಈ ಯಾತ್ರೆಗೆ ಟಿಕೆಟ್ಟಿಲ್ಲ, ಸರತಿಯ ಸಾಲಿಲ್ಲ. ಗಟ್ಟಿಯಾದ ಪಾದರಕ್ಷೆಗಳೂ ಕಿಸೆಯಲ್ಲೊಂದು ಫೋನೂ ಇದ್ದರೆ ಸಾಕು.

ನಾವು ಮೂವರು ಹೊರಟಿದ್ದೆವು: ನಾನು, ನನ್ನ ಪತ್ನಿ, ಮತ್ತು ಬೆಂಗಳೂರಿನಲ್ಲಿ ನಮ್ಮ ನೆರೆಮನೆಯವರಾದ ಒಬ್ಬ ನಿವೃತ್ತ ಉಪಾಧ್ಯಾಯಿನಿ. ಅವರ ಮಗಳು ನ್ಯೂಜೆರ್ಸಿಯಲ್ಲಿ ನೆಲೆಸಿದ್ದಾಳೆ. ಉಪಾಧ್ಯಾಯಿನಿಯವರ ಕೈಯಲ್ಲಿದ್ದುದು ಬೆಂಗಳೂರಿನ ಅಂಗಡಿಯಲ್ಲಿ ಪೂರ್ಣ ಹಣವನ್ನು ತೆತ್ತು ಕೊಂಡ ಫೋನು. ಯಾವ ಕಂಪನಿಗೂ ಸೇರಿದುದಲ್ಲ. ಯಾವ ಸಿಮ್ ಕಾರ್ಡನ್ನು ಹಾಕಿದರೂ ಒಪ್ಪಿಕೊಳ್ಳತಕ್ಕದ್ದು. ಇಂಥದನ್ನೇ ಅಮೆರಿಕದವರು ‘ಅನ್‌ಲಾಕ್ಡ್’ ಫೋನು, ಅರ್ಥಾತ್ ಬೀಗವಿಲ್ಲದ ಫೋನು ಎನ್ನುವರು. ಆ ದಿನ ಬೆಳಿಗ್ಗೆ ಒಂದು ಕಂಪನಿಯ ಅಂಗಡಿಯಲ್ಲಿ ಅವರು ಹೊಸ ಸಿಮ್ ಕಾರ್ಡನ್ನು ಕೇಳಿದರು. ಅಂಗಡಿಯ ಹುಡುಗನು ಫೋನಿನ ಹದಿನೈದು ಅಂಕಿಗಳ ಗುರುತಿನ ಸಂಖ್ಯೆಯನ್ನು ತನ್ನ ಗಣಕಯಂತ್ರದಲ್ಲಿ ಒತ್ತಿ ನೋಡಿ, ತಲೆಯಾಡಿಸಿ, “ಈ ಮಾದರಿ ನಮ್ಮ ಪಟ್ಟಿಯಲ್ಲಿಲ್ಲ, ಅಮ್ಮಾ, ನಮ್ಮ ಜಾಲದಲ್ಲಿ ಇದರಿಂದ ಮಾತನಾಡಲಾಗದು” ಎಂದು ವಿನಯದಿಂದಲೇ ಹೇಳಿದನು.

ಉಪಾಧ್ಯಾಯಿನಿಯವರು ಹೊರಗೆ ಬಂದು ನಮ್ಮನ್ನು ಕೇಳಿದ ಪ್ರಶ್ನೆ ಇದು: “ಹಣ ನನ್ನದು, ಫೋನು ನನ್ನದು, ಅದಕ್ಕೆ ಬೀಗವೂ ಇಲ್ಲ. ಹಾಗಾದರೆ ತಡೆಯುತ್ತಿರುವವರು ಯಾರು?”

ಆ ದಿನ ನಾವು ಕಂಡ ಕಟ್ಟಡಗಳೆಲ್ಲ ಈ ಒಂದು ಪ್ರಶ್ನೆಗೆ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಹೇಳುತ್ತಿದ್ದುವು.

ಬ್ರಾಡ್‌ವೇಯ ಕಂಬಗಳು

ಮೊದಲನೆಯದು ಬ್ರಾಡ್‌ವೇ ಬೀದಿಯ ೧೯೫ನೆಯ ನಂಬರಿನ ಮಹಾಸೌಧ. ೧೯೨೨ರಲ್ಲಿ ಪೂರ್ಣಗೊಂಡ ಈ ಕಟ್ಟಡವು ಅಮೆರಿಕನ್ ಟೆಲಿಫೋನ್ ಅಂಡ್ ಟೆಲಿಗ್ರಾಫ್ ಕಂಪನಿಯ, ಎಂದರೆ ಎ. ಟಿ. ಅಂಡ್ ಟಿ.ಯ, ಪ್ರಧಾನ ಕಚೇರಿಯಾಗಿತ್ತು. ಹೊರಗೆ ಕಂಬಗಳು, ಒಳಗೆ ಕಂಬಗಳು. ಒಳಾಂಗಣದಲ್ಲಿ ನಿಂತರೆ ಸಾವಿರ ಕಂಬದ ಬಸದಿಯ ನೆನಪು ಬಾರದಿರದು. ಇಂದು ಅಲ್ಲಿ ಬೇರೆ ಬೇರೆ ಸಂಸ್ಥೆಗಳಿವೆ. ೧೯೨೭ರ ಜನವರಿ ೭ರಂದು ನ್ಯೂಯಾರ್ಕಿಗೂ ಲಂಡನ್ನಿಗೂ ನಡುವೆ ಅಟ್ಲಾಂಟಿಕ್ ಸಾಗರದಾಚೆಯ ದೂರವಾಣಿ ಸೇವೆಯನ್ನು ಆರಂಭಿಸಿದುದು ಈ ಕಂಪನಿಯೇ. ಮೂರು ನಿಮಿಷಗಳ ಮಾತಿಗೆ ಶುಲ್ಕ ೭೫ ಡಾಲರುಗಳು!

ಆ ಕಾಲದ ಏರ್ಪಾಡು ಹೇಗಿತ್ತೆಂಬುದನ್ನು ಇಂದಿನ ಮಕ್ಕಳಿಗೆ ನಂಬಿಸುವುದು ಕಷ್ಟ. ದೇಶದ ಬಹುಭಾಗದಲ್ಲಿ ತಂತಿಯು ಈ ಕಂಪನಿಯದು, ವಿನಿಮಯ ಕೇಂದ್ರವು ಕಂಪನಿಯದು, ಮನೆಯೊಳಗಿನ ಮೇಜಿನ ಮೇಲಿದ್ದ ಕಪ್ಪು ಫೋನೂ ಕಂಪನಿಯದೇ. ಗಿರಾಕಿಯು ತಿಂಗಳು ತಿಂಗಳೂ ಬಾಡಿಗೆ ಕೊಡುತ್ತಿದ್ದನೇ ಹೊರತು ಅದನ್ನು ಕೊಳ್ಳುವಂತಿರಲಿಲ್ಲ. ಕಂಪನಿಯು ಒದಗಿಸದ ಯಾವ ಪರಕೀಯ ವಸ್ತುವನ್ನೂ ಅದಕ್ಕೆ ಜೋಡಿಸಕೂಡದೆಂಬುದು ಕಟ್ಟುನಿಟ್ಟಾದ ನಿಯಮ.

ಈ ನಿಯಮವು ಎಷ್ಟು ದೂರ ಹೋಗಿತ್ತೆಂಬುದಕ್ಕೆ ‘ಹಷ್-ಎ-ಫೋನ್’ ಮೊಕದ್ದಮೆಯೇ ಸಾಕ್ಷಿ. ಅದೊಂದು ಬಟ್ಟಲಿನಂಥ ಸಾಧನ. ಮಾತನಾಡುವ ಬಾಯಿಗೆ ಸಿಕ್ಕಿಸಿಕೊಂಡರೆ ಪಕ್ಕದಲ್ಲಿರುವವರಿಗೆ ನಮ್ಮ ಮಾತು ಕೇಳಿಸದು, ಅಷ್ಟೆ. ಅದರಲ್ಲಿ ವಿದ್ಯುತ್ತಿಲ್ಲ, ತಂತಿಯಿಲ್ಲ. ಆದರೂ ಅದು ನಿಷಿದ್ಧವೆಂದು ಕಂಪನಿಯು ಹಟ ಹಿಡಿಯಿತು. ಸರಕಾರದ ಸಂಪರ್ಕ ಆಯೋಗವೂ ಅದಕ್ಕೆ ತಲೆದೂಗಿತು. ಕೊನೆಗೆ ೧೯೫೬ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು, ಇತರರಿಗೆ ಹಾನಿಯಾಗದಂತೆ ತನಗೆ ಅನುಕೂಲವಾಗುವ ರೀತಿಯಲ್ಲಿ ಫೋನನ್ನು ಬಳಸುವ ಹಕ್ಕು ಗಿರಾಕಿಗೆ ಉಂಟೆಂದು ತೀರ್ಪಿತ್ತಿತು.

ಇದನ್ನು ಕೇಳಿ ನನ್ನ ಪತ್ನಿಯು, “ನಮ್ಮಲ್ಲಿಯೂ ಹೀಗೆಯೇ ಇತ್ತಲ್ಲವೆ?” ಎಂದಳು. ನಿಜವೇ. ವರ್ಷಗಟ್ಟಲೆ ಕಾದು, ಮಂತ್ರಿಗಳ ಶಿಫಾರಸು ಹಿಡಿದು ಪಡೆದ ಆ ಹಳೆಯ ಕಪ್ಪು ಫೋನು ನಮ್ಮ ನಡುಮನೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕುಳಿತಿದ್ದರೂ, ಅದರ ಒಡೆಯರು ನಾವಲ್ಲ, ಇಲಾಖೆಯವರು!

ಕಿಟಕಿಯಿಲ್ಲದ ಗೋಪುರ

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಥಾಮಸ್ ಬೀದಿಯ ೩೩ನೆಯ ನಂಬರು. ಜಾನ್ ಕಾರ್ಲ್ ವಾರ್ನೆಕಿ ಎಂಬ ವಾಸ್ತುಶಿಲ್ಪಿಯು ರಚಿಸಿದ ಈ ಗೋಪುರವು ೧೯೭೪ರಲ್ಲಿ ಮುಗಿಯಿತು. ಎತ್ತರ ೫೫೦ ಅಡಿ. ಆದರೆ ಒಂದೇ ಒಂದು ಕಿಟಕಿಯಿಲ್ಲ! ದೂರದ ಕರೆಗಳನ್ನು ಜೋಡಿಸುವ ಯಂತ್ರಗಳಿಗಾಗಿ ಕಟ್ಟಿದ ಮನೆ ಇದು. ಯಂತ್ರಕ್ಕೆ ಬೆಳಕೇಕೆ, ಗಾಳಿಯೇಕೆ? ಮಧ್ಯಾಹ್ನದ ಬಿಸಿಲಿನಲ್ಲಿಯೂ ಅದರ ಬುಡದಲ್ಲಿ ನಿಂತವರಿಗೆ ಸ್ವಲ್ಪ ಅಳುಕಾಗದಿರದು. ಉಪಾಧ್ಯಾಯಿನಿಯವರು ತಲೆಯೆತ್ತಿ ನೋಡಿ, “ಅಂಗಡಿಯ ಆ ಹುಡುಗನ ಪಟ್ಟಿ ಇಂಥ ಕಡೆಯಲ್ಲಿಯೇ ತಯಾರಾಗುತ್ತದೆಯೋ ಏನೋ!” ಎಂದು ನಕ್ಕರು.

ಇನ್ನೂ ಸ್ವಲ್ಪ ಮುಂದೆ, ಆರನೆಯ ಅವೆನ್ಯೂವಿನ ೩೨ನೆಯ ನಂಬರಿನ ಕಟ್ಟಡವು ಇದಕ್ಕೆ ತದ್ವಿರುದ್ಧವಾದುದು. ಅದು ೧೯೩೨ರದು, ರಾಲ್ಫ್ ವಾಕರನ ರಚನೆ. ಒಳಾಂಗಣದ ಛಾವಣಿಯಲ್ಲಿ ಹಿಲ್ಡ್ರೆತ್ ಮಿಯೇರ್ ಎಂಬ ಕಲಾವಿದೆಯ ಕಲ್ಪನೆಯ ಚಿತ್ರಗಳು. ಗೋಡೆಯ ಮೇಲೆ ಪ್ರಪಂಚದ ಒಂದು ದೊಡ್ಡ ಭೂಪಟ. ತಂತಿ ಮತ್ತು ರೇಡಿಯೋಗಳು ರಾಷ್ಟ್ರಗಳನ್ನು ನೆರೆಹೊರೆಯವರನ್ನಾಗಿ ಮಾಡುವುವೆಂಬ ಆಶಯವನ್ನು ಅಲ್ಲಿ ಬರೆಯಿಸಿದ್ದಾರೆ. ಆಶಯವು ದೊಡ್ಡದು, ಆದರೆ ನೆರೆಮನೆಗೆ ಹೋಗುವ ಬಾಗಿಲಿನ ಕೀಲಿಕೈ ಒಬ್ಬರ ಸೊಂಟದಲ್ಲಿಯೇ ಇತ್ತು.

ಆ ಕೀಲಿಕೈಯನ್ನು ಸಡಿಲಿಸಿದವನು ನ್ಯೂಯಾರ್ಕಿನವನಲ್ಲ. ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬವನು ‘ಕಾರ್ಟರ್‌ಫೋನ್’ ಎಂಬ ಪೆಟ್ಟಿಗೆಯನ್ನು ತಯಾರಿಸಿದ್ದನು. ದೂರದ ಹೊಲದಲ್ಲಿಯೋ ತೈಲಬಾವಿಯ ಬಳಿಯಲ್ಲಿಯೋ ರೇಡಿಯೋ ಹಿಡಿದು ನಿಂತವನ ಮಾತನ್ನು ಅದು ಮಾಮೂಲಿ ಫೋನಿಗೆ ದಾಟಿಸುತ್ತಿತ್ತು. ಕಂಪನಿಯು ವಿರೋಧಿಸಿತು, ಕಾರ್ಟರನು ಹೋರಾಡಿದನು. ೧೯೬೮ರಲ್ಲಿ ಸಂಪರ್ಕ ಆಯೋಗವು, ಜಾಲಕ್ಕೆ ಹಾನಿ ಮಾಡದ ಯಾವ ಸಾಧನವನ್ನಾದರೂ ಗಿರಾಕಿಯು ಜೋಡಿಸಬಹುದೆಂದು ನಿರ್ಣಯಿಸಿತು. ಉತ್ತರ ಮುದ್ರಿಸಿಕೊಳ್ಳುವ ಯಂತ್ರ, ಫ್ಯಾಕ್ಸು, ಗಣಕಗಳನ್ನು ಫೋನಿಗೆ ಜೋಡಿಸುವ ಮೋಡೆಮ್ಮು, ಇವೆಲ್ಲ ಮನೆಮನೆಗೆ ಬಂದುದು ಆ ಬಾಗಿಲು ತೆರೆದ ಮೇಲೆ. ೧೯೮೪ರ ಜನವರಿ ೧ರಂದು ಆ ಮಹಾಕಂಪನಿಯೇ ವಿಭಜನೆಗೊಂಡಿತು.

ಆರನೆಯ ಅವೆನ್ಯೂವಿನ ಮೊದಲ ಕರೆ

ಹಡ್ಸನ್ ನದಿಯ ದಡದ ವೆಸ್ಟ್ ಬೀದಿಯಲ್ಲಿ, ಒಂದು ಕಾಲಕ್ಕೆ ಬೆಲ್ ಪ್ರಯೋಗಾಲಯವಾಗಿದ್ದ ವಿಶಾಲವಾದ ಕಟ್ಟಡವಿದೆ. ಇಂದು ಅದರಲ್ಲಿ ಕಲಾವಿದರ ಸಂಸಾರಗಳು ವಾಸವಾಗಿವೆ. ನಾವು ಅದನ್ನು ಹೊರಗಿನಿಂದಲೇ ನೋಡಿ, ಭೂಗರ್ಭದ ರೈಲನ್ನು ಹಿಡಿದು ನಗರದ ಮಧ್ಯಭಾಗಕ್ಕೆ ಬಂದೆವು.

ಆರನೆಯ ಅವೆನ್ಯೂವಿನಲ್ಲಿ, ಹಿಲ್ಟನ್ ಹೋಟೆಲಿನ ಸಮೀಪ, ೧೯೭೩ರ ಏಪ್ರಿಲ್ ೩ರಂದು ಮೋಟೊರೋಲ ಕಂಪನಿಯ ಮಾರ್ಟಿನ್ ಕೂಪರನು ಇಟ್ಟಿಗೆಯಂಥ ಒಂದು ಯಂತ್ರವನ್ನು ಕಿವಿಗಿಟ್ಟುಕೊಂಡು ಮಾತನಾಡಿದನು. ಕೈಯಲ್ಲಿ ಹಿಡಿದೊಯ್ಯಬಹುದಾದ ಮೊಬೈಲ್ ಫೋನಿನ ಮೊದಲ ಕರೆ ಅದೇ. ಯಂತ್ರದ ತೂಕ ಒಂದು ಕಿಲೋಗ್ರಾಮಿಗಿಂತ ಹೆಚ್ಚು. ಆತನು ಕರೆದುದು ಯಾರನ್ನೆಂದು ಬಲ್ಲಿರಾ? ಪ್ರತಿಸ್ಪರ್ಧಿಯಾದ ಬೆಲ್ ಪ್ರಯೋಗಾಲಯದ ಜೋಯೆಲ್ ಎಂಗೆಲ್ ಅವರನ್ನು! ‘ನಾವು ನಿಮಗಿಂತ ಮುಂದೆ’ ಎಂದು ತಿಳಿಸುವುದಕ್ಕೆ ಅದಕ್ಕಿಂತ ಉತ್ತಮವಾದ ಮಾರ್ಗ ಬೇರೆ ಇರಲಿಲ್ಲ.

ಆ ಸ್ಥಳದಲ್ಲಿ ನಿಂತಾಗಲೇ ಉಪಾಧ್ಯಾಯಿನಿಯವರಿಗೆ ಮಗಳಿಗೆ ಒಂದು ಮಾತು ತಿಳಿಸಬೇಕಾಯಿತು. ಸಂಜೆಯ ರೈಲು ಬದಲಾಗಿತ್ತು. ಹೇಳದಿದ್ದರೆ ಮಗಳು ನಿಲ್ದಾಣದಲ್ಲಿ ಕಾದು ಕಂಗಾಲಾಗುವಳು. ನಮ್ಮಿಬ್ಬರ ಫೋನುಗಳಲ್ಲಿಯೂ ಅಷ್ಟು ಹೊತ್ತಿಗೆ ವಿದ್ಯುತ್ತು ತೀರಿತ್ತು. ಉಪಾಧ್ಯಾಯಿನಿಯವರ ಫೋನು ತುಂಬಿದ ಬ್ಯಾಟರಿಯೊಡನೆ ಕೈಯಲ್ಲಿ ಹೊಳೆಯುತ್ತಿತ್ತು, ಆದರೆ ಮೂಕ. ಮೊಬೈಲು ಹುಟ್ಟಿದ ಬೀದಿಯಲ್ಲಿ ಮೊಬೈಲು ಇದ್ದೂ ಮಾತಿಲ್ಲ! ಎಪ್ಪತ್ತು ವಯಸ್ಸಿನ ತಾಯಿಗೆ ಪರದೇಶದ ಜನಸಂದಣಿಯಲ್ಲಿ ಅದು ತಮಾಷೆಯ ಮಾತಾಗಿರಲಿಲ್ಲ. ಅವರ ಮುಖ ಬಾಡಿದುದನ್ನು ನಾವು ಕಂಡೆವು.

ಹಿಂದೆ ಆಗಿದ್ದರೆ ಮೂಲೆಯಲ್ಲಿ ನಾಣ್ಯ ಹಾಕಿ ಮಾತನಾಡುವ ಫೋನು ಇರುತ್ತಿತ್ತು. ನಗರಕ್ಕೆ ಸೇರಿದ ಅಂಥ ಕೊನೆಯ ಸಾರ್ವಜನಿಕ ಫೋನನ್ನು ೨೦೨೨ರ ಮೇ ೨೩ರಂದು ಟೈಮ್ಸ್ ಚೌಕದ ಬಳಿಯಿಂದ ಕಿತ್ತು ಸಾಗಿಸಿದರು. ಪುಣ್ಯವಶಾತ್ ಅದರ ಸ್ಥಾನದಲ್ಲಿ ‘ಲಿಂಕ್‌ಎನ್‌ವೈಸಿ’ ಎಂಬ ಎತ್ತರದ ಕಂಬಗಳು ನಿಂತಿವೆ. ಅವುಗಳಿಂದ ಅಮೆರಿಕದೊಳಗೆ ಎಲ್ಲಿಗೆ ಬೇಕಾದರೂ ಉಚಿತವಾಗಿ ಮಾತನಾಡಬಹುದು. ಉಪಾಧ್ಯಾಯಿನಿಯವರು ಕಂಬದೆದುರು ನಿಂತು, ವಾಹನಗಳ ಗದ್ದಲದ ನಡುವೆ ಗಟ್ಟಿಯಾಗಿ, ಕನ್ನಡದಲ್ಲಿ, ರೈಲಿನ ವೇಳೆಯನ್ನು ಎರಡು ಸಲ ಹೇಳಿದರು. ಸುತ್ತಲಿನ ನ್ಯೂಯಾರ್ಕಿನವರು ತಿರುಗಿಯೂ ನೋಡಲಿಲ್ಲ. ಆ ಊರಿನ ದೊಡ್ಡತನ ಅದು.

ಗಾಜಿನ ಮಂಟಪದ ಮುಂದೆ

ಐದನೆಯ ಅವೆನ್ಯೂವಿನಲ್ಲಿ ಆ್ಯಪಲ್ ಕಂಪನಿಯ ಗಾಜಿನ ಮಂಟಪವಿದೆ. ಮೇಲೆ ಗಾಜು, ಕೆಳಗೆ ನೆಲಮಾಳಿಗೆಯಲ್ಲಿ ಅಂಗಡಿ. ೨೦೦೭ರ ಜೂನ್ ೨೯ರಂದು ಮೊದಲ ಐಫೋನು ಮಾರಾಟಕ್ಕೆ ಬಂದಾಗ ಇಲ್ಲಿ ಜನರು ಬೀದಿಯಲ್ಲಿಯೇ ಮಲಗಿ ಕಾದಿದ್ದರು. ಬೆಲೆ ೪೯೯ ಡಾಲರು ಮತ್ತು ೫೯೯ ಡಾಲರು. ಅಷ್ಟು ತೆತ್ತರೂ ಅದರಲ್ಲಿ ಎ. ಟಿ. ಅಂಡ್ ಟಿ. ಹೆಸರಿನ ಜಾಲವನ್ನಲ್ಲದೆ ಬೇರೊಂದನ್ನು ಬಳಸುವಂತಿರಲಿಲ್ಲ. ಬಾಡಿಗೆಯ ಕಪ್ಪು ಫೋನು ಹೋಗಿ, ಕೊಂಡ ಫೋನಿಗೇ ಬೀಗ ಬಂದಿತ್ತು.

ಈ ಬೀಗವೆಂದರೆ ಏನು? ಸಿಮ್ ಕಾರ್ಡಿನೊಳಗೆ ಚಂದಾದಾರನ ಗುರುತಿನ ಸಂಖ್ಯೆಯೊಂದಿರುತ್ತದೆ. ಅದರ ಮೊದಲ ಅಂಕಿಗಳು ದೇಶವನ್ನೂ ಕಂಪನಿಯನ್ನೂ ಸೂಚಿಸುತ್ತವೆ. ಭಾರತಕ್ಕೆ ೪೦೪ ಮತ್ತು ೪೦೫, ಅಮೆರಿಕಕ್ಕೆ ೩೧೦ ಮೊದಲಾದುವು. ಬೀಗ ಹಾಕಿದ ಫೋನು ಈ ಅಂಕಿಗಳನ್ನು ಓದಿ, ತನ್ನ ಒಡೆಯ ಕಂಪನಿಯದಲ್ಲವೆಂದು ಕಂಡರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಂಪನಿಗಳು ಇದಕ್ಕೆ ಹೇಳುವ ಕಾರಣವೂ ಪೂರ್ತಿ ಹುರುಳಿಲ್ಲದುದಲ್ಲ: ಅಗ್ಗವಾಗಿ ಅಥವಾ ಕಂತಿನ ಮೇಲೆ ಫೋನು ಕೊಟ್ಟಮೇಲೆ ಗಿರಾಕಿಯು ಮರುದಿನವೇ ಪರಾರಿಯಾದರೆ ನಷ್ಟವನ್ನು ತುಂಬುವವರಾರು? ಆದರೆ ಕಂತು ತೀರಿದ ಮೇಲೂ ಬೀಗ ಉಳಿದರೆ ಅದನ್ನು ವ್ಯಾಪಾರವೆನ್ನುವುದು ಹೇಗೆ?

ಐಫೋನು ಬಂದು ಎರಡು ತಿಂಗಳು ತುಂಬುವ ಮೊದಲೇ, ನ್ಯೂಜೆರ್ಸಿಯ ಜಾರ್ಜ್ ಹಾಟ್ಜ್ ಎಂಬ ಹದಿನೇಳು ವರ್ಷದ ಹುಡುಗನು ಅದರ ಬೀಗವನ್ನು ತೆರೆದು ಪ್ರಪಂಚಕ್ಕೆ ತೋರಿಸಿದನು. ಹಾಗೆ ತೆರೆದ ಫೋನನ್ನು ಕೊಟ್ಟು ಅವನು ಒಂದು ನಿಸ್ಸಾನ್ ಮೋಟಾರು ಕಾರನ್ನೇ ಪಡೆದನಂತೆ!

ಮುಂದಿನ ಕಥೆಯಲ್ಲಿ ಒಂದು ವಿನೋದವಿದೆ. ೧೯೯೮ರ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ ತಂತ್ರಾಂಶದ ಬೀಗಗಳನ್ನು ಮುರಿಯುವುದು ಅಪರಾಧ. ಅದರಿಂದ ಯಾವುದಕ್ಕೆ ವಿನಾಯಿತಿ ಎಂಬುದನ್ನು ಮೂರು ವರ್ಷಕ್ಕೊಮ್ಮೆ ನಿರ್ಧರಿಸುವ ಅಧಿಕಾರ ಯಾರದು? ಅಮೆರಿಕದ ಪಾರ್ಲಿಮೆಂಟಿನ ಗ್ರಂಥಪಾಲಕರದು! ೨೦೦೬ರಲ್ಲಿಯೂ ೨೦೧೦ರಲ್ಲಿಯೂ ಫೋನುಗಳಿಗೆ ದೊರೆತಿದ್ದ ವಿನಾಯಿತಿಯು ೨೦೧೨ರಲ್ಲಿ ನಿಂತುಹೋಯಿತು. ೨೦೧೩ರ ಜನವರಿ ೨೬ರ ಅನಂತರ ಕೊಂಡ ಫೋನಿನ ಬೀಗವನ್ನು ಕಂಪನಿಯ ಒಪ್ಪಿಗೆಯಿಲ್ಲದೆ ತೆರೆಯುವುದು ಕಾನೂನುಬಾಹಿರವಾಯಿತು. ಅದನ್ನೇ ಲಾಭದ ದಂಧೆಯಾಗಿ ನಡೆಸುವವರಿಗೆ ಐದು ವರ್ಷಗಳವರೆಗೆ ಸೆರೆವಾಸವನ್ನೂ ಐದು ಲಕ್ಷ ಡಾಲರುಗಳವರೆಗೆ ದಂಡವನ್ನೂ ವಿಧಿಸಬಹುದಾಗಿತ್ತು. ೧,೧೪,೦೦೦ಕ್ಕೂ ಹೆಚ್ಚು ಮಂದಿ ಅಧ್ಯಕ್ಷರಿಗೆ ಮನವಿ ಸಲ್ಲಿಸಿದರು. ೨೦೧೪ರ ಆಗಸ್ಟ್ ೧ರಂದು ಅಧ್ಯಕ್ಷ ಒಬಾಮ ಅವರು ಹೊಸ ಕಾಯಿದೆಗೆ ರುಜು ಹಾಕಿದರು. ತನ್ನ ಫೋನಿನ ಬೀಗವನ್ನು ತೆರೆಯುವ ಹಕ್ಕು ಒಡೆಯನಿಗೆ ಮರಳಿ ದೊರೆಯಿತು. ಇತರ ದೇಶಗಳು ಇನ್ನೂ ಮುಂದೆ ಹೋದುವು. ಹೊಸ ಫೋನುಗಳನ್ನು ಬೀಗವಿಲ್ಲದೆಯೇ ಕೊಡಬೇಕೆಂದು ಕೆನಡಾ ೨೦೧೭ರ ಡಿಸೆಂಬರಿನಿಂದಲೂ, ಜಪಾನು ೨೦೨೧ರ ಅಕ್ಟೋಬರಿನಿಂದಲೂ, ಬ್ರಿಟನ್ನು ಅದೇ ವರ್ಷದ ಡಿಸೆಂಬರಿನಿಂದಲೂ ವಿಧಿಸಿದುವು.

ಬೀಗ ತೆರೆದರೂ ಮುಚ್ಚಿದ ಬಾಗಿಲು

ಹಾಗಾದರೆ ಉಪಾಧ್ಯಾಯಿನಿಯವರ ಬೀಗವಿಲ್ಲದ ಫೋನು ಮೂಕವಾದುದೇಕೆ? ಕಾರಣಗಳು ಎರಡು.

ಮೊದಲನೆಯದು ತರಂಗಗಳದು. ಮಧ್ಯಮ ತರಂಗ ಮಾತ್ರವುಳ್ಳ ರೇಡಿಯೋವಿನಲ್ಲಿ ಹ್ರಸ್ವ ತರಂಗದ ಸಿಲೋನ್ ಕೇಳಿಸದು. ಅದು ರೇಡಿಯೋವಿನ ದೋಷವೂ ಅಲ್ಲ, ಸಿಲೋನಿನ ದೋಷವೂ ಅಲ್ಲ. ಫೋನುಗಳಿಗೂ ಇದೇ ನ್ಯಾಯ. ನಮ್ಮ ೪ಜಿ ಜಾಲಗಳು ಹೆಚ್ಚಾಗಿ ಬಳಸುವುದು ೧೮೦೦ ಮತ್ತು ೨೩೦೦ ಮೆಗಾಹರ್ಟ್ಸ್ ಮೊದಲಾದ ಪಟ್ಟೆಗಳನ್ನು. ಅಮೆರಿಕದಲ್ಲಿ ದೂರಕ್ಕೂ ಗೋಡೆಗಳೊಳಕ್ಕೂ ತಲಪುವ ಕೆಲಸವನ್ನು ೬೦೦ ಮತ್ತು ೭೦೦ ಮೆಗಾಹರ್ಟ್ಸಿನ ಅಲ್ಲಿಯದೇ ಪಟ್ಟೆಗಳು ಮಾಡುತ್ತವೆ. ಭಾರತದ ಪೇಟೆಗಾಗಿ ಮಾಡಿದ ಅಗ್ಗದ ಮಾದರಿಗಳಲ್ಲಿ ಇವು ಅನೇಕ ಸಲ ಇರುವುದಿಲ್ಲ.

ಎರಡನೆಯ ಕಾರಣವು ಹೊಸದು. ಹಿಂದೆ ಮಾತೆಲ್ಲ ಹಳೆಯ ೨ಜಿ, ೩ಜಿ ಜಾಲಗಳ ಮೇಲೆ ಹೋಗುತ್ತಿತ್ತು. ಅನೇಕ ಜಾಲಗಳಲ್ಲಿ ಬೇರೆ ಕಡೆಯ ಫೋನುಗಳೂ ನಡೆಯುತ್ತಿದ್ದುವು. ಅಮೆರಿಕದ ಮೂರು ದೊಡ್ಡ ಕಂಪನಿಗಳೂ ೨೦೨೨ರೊಳಗೆ ತಮ್ಮ ೩ಜಿ ಜಾಲಗಳನ್ನು ಮುಚ್ಚಿದುವು. ಈಗ ಮಾತೂ ಹೆಚ್ಚಾಗಿ ೪ಜಿಯ ಮೇಲೆಯೇ ಹೋಗುತ್ತದೆ. ಇದನ್ನು ‘ವೋಲ್ಟಿ’ ಎನ್ನುವರು. ಈ ಏರ್ಪಾಡು ಜಾಲದಿಂದ ಜಾಲಕ್ಕೆ ಸ್ವಲ್ಪ ಸ್ವಲ್ಪ ಬೇರೆ. ಫೋನಿನ ತಯಾರಕನು ಆಯಾ ಜಾಲಕ್ಕೆ ಹೊಂದಿಸಿರಬೇಕು, ಜಾಲದವರು ಪರೀಕ್ಷಿಸಿ ಒಪ್ಪಿರಬೇಕು. ಪಟ್ಟಿ ಹುಟ್ಟಿದುದು ಹೀಗೆ. ಪಟ್ಟಿಯಲ್ಲಿ ಇಲ್ಲದ ಫೋನು ಸಂಪೂರ್ಣ ಸಮರ್ಥವಾಗಿದ್ದರೂ ಕೆಲವು ಕಡೆ ಅದಕ್ಕೆ ಪ್ರವೇಶವಿಲ್ಲ. ೨೦೧೪ರ ಕಾಯಿದೆಯು ಬೀಗ ತೆರೆಯುವ ಹಕ್ಕನ್ನು ಕೊಟ್ಟಿದೆ. ಆದರೆ ತೆರೆದ ಫೋನನ್ನು ಬರಮಾಡಿಕೊಳ್ಳಬೇಕೆಂಬ ಹೊಣೆಯನ್ನು ಯಾರ ಮೇಲೂ ಹೊರಿಸಿಲ್ಲ.

ಇದು ನಿಜವಾಗಿಯೂ ತಾಂತ್ರಿಕ ಅವಶ್ಯಕತೆಯೋ, ಅಥವಾ ಬ್ರಾಡ್‌ವೇಯ ಹಳೆಯ ನಿಯಮವು ಹೊಸ ವೇಷದಲ್ಲಿ ಬಂದುದೋ? ಎರಡರ ಪಾಲೂ ಇದರಲ್ಲಿದೆಯೆಂದು ನನಗೆ ತೋರುತ್ತದೆ. ತುರ್ತು ಕರೆ ಹೋಗದ ಫೋನನ್ನು ಕಂಪನಿಯು ಒಪ್ಪದಿರುವುದು ವಿವೇಕವೇ. ಆದರೆ ಆ ದಿನ ಸಂಜೆಯೇ ಇನ್ನೊಂದು ಕಂಪನಿಯ ಅಂಗಡಿಯಲ್ಲಿ, ಅದೇ ಫೋನಿಗೆ ಇನ್ನೊಂದು ಸಿಮ್ ಕಾರ್ಡನ್ನು ಹಾಕಿದ ಐದು ನಿಮಿಷದಲ್ಲಿ ಉಪಾಧ್ಯಾಯಿನಿಯವರು ಮಗಳೊಡನೆ ಮಾತನಾಡಿದರು. ಫೋನು ಬದಲಾಗಿರಲಿಲ್ಲ, ಊರು ಬದಲಾಗಿರಲಿಲ್ಲ, ಬದಲಾದುದು ಪಟ್ಟಿ.

ಹೊರಡುವವರಿಗೆ ನಾಲ್ಕು ಮಾತು

ಮಕ್ಕಳನ್ನು ನೋಡಲು ಸಾಗರ ದಾಟುವ ಹಿರಿಯರು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಉಪ್ಪಿನಕಾಯಿಯ ಭರಣಿಯನ್ನು ಕಟ್ಟುವ ಮೊದಲು ಫೋನಿನ ಕಡೆಗೂ ಸ್ವಲ್ಪ ಗಮನ ಕೊಡುವುದು ಒಳ್ಳೆಯದು. ನಕ್ಷತ್ರ, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಎಂಬ ಗುಂಡಿಗಳನ್ನು ಕ್ರಮವಾಗಿ ಒತ್ತಿದರೆ ಫೋನಿನ ಹದಿನೈದು ಅಂಕಿಗಳ ಸಂಖ್ಯೆ ಕಾಣುವುದು. ಆ ಸಂಖ್ಯೆಯನ್ನು ಮಕ್ಕಳಿಗೆ ಕಳುಹಿಸಿ, ತಾವು ಸೇರಲಿರುವ ಜಾಲವು ಅದನ್ನು ಒಪ್ಪುವುದೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಫೋನಿನಲ್ಲಿ ಎರಡು ಸಿಮ್‌ಗಳಿಗೆ ಅವಕಾಶವಿದ್ದರೆ ಭಾರತದ ಸಿಮ್ಮನ್ನು ತೆಗೆದು ಎಲ್ಲಿಯೋ ಇಡದೆ ಒಂದರಲ್ಲಿ ಹಾಗೆಯೇ ಬಿಡಬೇಕು. ಬ್ಯಾಂಕಿನ ಗುಪ್ತಸಂಖ್ಯೆಗಳು ಬರುವುದು ಅದಕ್ಕೇ. ಆದರೆ ವಿದೇಶದ ರೋಮಿಂಗ್ ದರಗಳನ್ನು ತಿಳಿದುಕೊಳ್ಳದೆ ವಿಮಾನವೇರಬಾರದು.

ಇನ್ನು ಅಮೆರಿಕದಿಂದ ಬರುವ ಉಡುಗೊರೆಯ ಫೋನು. ಅದು ಕಂತಿನ ಮೇಲೆ ಕೊಂಡುದಾದರೆ, ಕಂತು ತೀರುವವರೆಗೆ ಅದರ ಬೀಗ ಸಾಮಾನ್ಯವಾಗಿ ತೆರೆಯದು. ಇಲ್ಲಿಯ ಸಿಮ್ ಕಾರ್ಡನ್ನು ಹಾಕಿದರೆ ಅದೊಂದು ಚೆಂದದ ಕ್ಯಾಮೆರ ಮಾತ್ರ. ಕಳುಹಿಸುವ ಮೊದಲೇ ಬೀಗ ತೆರೆಯಿಸಿ ಕಳುಹಿಸುವಂತೆ ಮಕ್ಕಳಿಗೆ ಹೇಳಬೇಕು. ೨೦೨೨ರಲ್ಲಿ ಬಂದ ಐಫೋನ್ ೧೪ರಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾಗುವ ಐಫೋನುಗಳಲ್ಲಿ ಸಿಮ್ ಕಾರ್ಡಿನ ಕಿಂಡಿಯೇ ಇಲ್ಲವೆಂಬುದನ್ನೂ ನೆನಪಿಡಬೇಕು. ಅವುಗಳಿಗೆ ‘ಇ-ಸಿಮ್’ ಎಂಬ ಅದೃಶ್ಯ ಸಿಮ್ಮು ಬೇಕು. ನಮ್ಮ ದೊಡ್ಡ ಕಂಪನಿಗಳು ಅದನ್ನು ಕೊಡುತ್ತಿವೆ.

ನಮ್ಮ ದೇಶದಲ್ಲಿ ಫೋನನ್ನು ಒಂದು ಅಂಗಡಿಯಲ್ಲಿ, ಸಿಮ್ ಕಾರ್ಡನ್ನು ಇನ್ನೊಂದು ಅಂಗಡಿಯಲ್ಲಿ ಕೊಳ್ಳುವ ರೂಢಿ ಬಹುಮಟ್ಟಿಗೆ ಮೊದಲಿನಿಂದಲೂ ಬಂದಿದೆ. ೨೦೧೧ರ ಜನವರಿಯಿಂದ ದೇಶದಾದ್ಯಂತ ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಸೌಲಭ್ಯವೂ ಇದೆ. ಇವು ಎಷ್ಟು ದೊಡ್ಡ ಅನುಕೂಲಗಳೆಂಬುದು ನಮಗೆ ಮನೆಯಲ್ಲಿ ಕುಳಿತಿದ್ದಾಗ ತೋರುವುದಿಲ್ಲ. ವಸ್ತುವನ್ನು ಕೊಂಡಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಅದನ್ನು ಬಳಸಲು ಇನ್ನೊಬ್ಬರ ಅಪ್ಪಣೆ ಬೇಕಿಲ್ಲದಾಗ ಮಾತ್ರ ಅದು ನಮ್ಮದು. ಅಮೆರಿಕದವರು ಇಷ್ಟನ್ನು ಸಾಧಿಸಲು ಒಂದು ಬಟ್ಟಲಿಗಾಗಿ, ಒಂದು ಪೆಟ್ಟಿಗೆಗಾಗಿ, ಒಂದು ಬೀಗಕ್ಕಾಗಿ ಮತ್ತೆ ಮತ್ತೆ ನ್ಯಾಯಾಲಯದ, ಸರಕಾರದ ಬಾಗಿಲುಗಳನ್ನು ತಟ್ಟಿದರು. ಪಟ್ಟಿಯ ಬಾಗಿಲನ್ನು ತಟ್ಟುವ ಕೆಲಸ ಇನ್ನೂ ಉಳಿದಿದೆ.